ಗೋಡೆ ನಿಂತಿದೆ, ಮೀನು ದಾಟುತ್ತಿದೆ: ಅಪಾಚೆ ಟ್ರೌಟ್ ಹಳ್ಳಗಳಲ್ಲಿ ತಡೆಗೋಡೆ ದುರಸ್ತಿ

(ಉಪನ್ಯಾಸದ ಬರಹ ರೂಪ)

ಇವತ್ತಿನ ಮಾತು ಒಂದು ಸಣ್ಣ ಗೋಡೆಯ ಬಗ್ಗೆ. ಅಗಲ ನಾಲ್ಕೈದು ಮೀಟರ್, ಎತ್ತರ ಹೆಚ್ಚೆಂದರೆ ಆಳೆತ್ತರ. ನೀರು ನಿಲ್ಲಿಸುವುದಕ್ಕೆ ಕಟ್ಟಿದ್ದಲ್ಲ, ಮೀನು ನಿಲ್ಲಿಸುವುದಕ್ಕೆ ಕಟ್ಟಿದ್ದು. ಇಂಥ ಗೋಡೆಗಳು ಅಮೆರಿಕದ ಅರಿಜೋನಾ ರಾಜ್ಯದ ಪೂರ್ವ ಭಾಗದಲ್ಲಿರುವ ವೈಟ್ ಮೌಂಟನ್ಸ್ ಬೆಟ್ಟಗಳ ಹಳ್ಳಗಳಲ್ಲಿವೆ. ಅರಿಜೋನಾ ಎಂದರೆ ಮರುಭೂಮಿ ಎಂದು ತಿಳಿದವರಿಗೆ ಒಂದು ಮಾತು: ಈ ಬೆಟ್ಟಗಳಲ್ಲಿ ಮೌಂಟ್ ಬಾಲ್ಡಿ ಸುಮಾರು 3,475 ಮೀಟರ್ ಎತ್ತರವಿದೆ. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಜುಲೈನಿಂದ ಸೆಪ್ಟೆಂಬರ್ ಕೊನೆಯವರೆಗೆ ಅಲ್ಲೂ ಮುಂಗಾರಿನಂಥ ಮಳೆಗಾಲವಿದೆ. ಹಳ್ಳಗಳು ತಣ್ಣಗೆ, ತಿಳಿಯಾಗಿ ಹರಿಯುತ್ತವೆ.

ಅಲ್ಲಿ ಮಾತ್ರ ಹುಟ್ಟಿ ಬೆಳೆದ ಮೀನು ಅಪಾಚೆ ಟ್ರೌಟ್. ಹಳದಿ ಹೊನ್ನಿನ ಮೈ, ಮೇಲೆ ಕಪ್ಪು ಚುಕ್ಕೆ, ಕಣ್ಣಿನ ಪಾಪೆಯ ಎರಡೂ ಬದಿ ಒಂದೊಂದು ಕಪ್ಪು ಬೊಟ್ಟು. ದೂರದಿಂದ ನೋಡಿದರೆ ಕಣ್ಣಿಗೆ ಅಡ್ಡಪಟ್ಟಿ ಕಟ್ಟಿದಂತೆ ಕಾಣುತ್ತದೆ. ವಿಜ್ಞಾನಿಗಳು ಇದನ್ನು ಪ್ರತ್ಯೇಕ ಪ್ರಭೇದ ಎಂದು ವಿವರಿಸಿದ್ದು 1972ರಲ್ಲಿ. ಅದಕ್ಕೂ ಮೊದಲೇ, 1950ರ ದಶಕದಲ್ಲೇ, ವೈಟ್ ಮೌಂಟನ್ ಅಪಾಚೆ ಬುಡಕಟ್ಟಿನವರು ಈ ಮೀನು ಉಳಿದಿದ್ದ ತಮ್ಮ ಹಳ್ಳಗಳಲ್ಲಿ ಗಾಳ ಹಾಕುವುದನ್ನು ನಿಲ್ಲಿಸಿದ್ದರು. ಇವತ್ತು ಈ ಮೀನು ಉಳಿದಿದ್ದರೆ ಆ ತೀರ್ಮಾನದ ಪಾಲು ದೊಡ್ಡದು. 1967ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು, 1975ರಲ್ಲಿ ಅಪಾಯ ಸ್ವಲ್ಪ ಕಡಿಮೆ ಇರುವ ವರ್ಗಕ್ಕೆ ಬಂತು, 2024ರ ಸೆಪ್ಟೆಂಬರ್‌ನಲ್ಲಿ ಪಟ್ಟಿಯಿಂದಲೇ ಹೊರಗೆ ಬಂತು. ಅಮೆರಿಕದಲ್ಲಿ ಚೇತರಿಸಿಕೊಂಡು ಹೀಗೆ ಪಟ್ಟಿಯಿಂದ ಹೊರಬಂದ ಮೊದಲ ಟ್ರೌಟ್ ಇದೇ. ಆದರೆ ಪಟ್ಟಿಯಿಂದ ಹೊರಬಂದ ಮೇಲೂ ಗೋಡೆಗಳು ಕೆಲಸ ಮಾಡುತ್ತಲೇ ಇರಬೇಕು. ಗೋಡೆ ಸೋತ ಹಳ್ಳದಲ್ಲಿ ಕೆಲವೇ ವರ್ಷಗಳಲ್ಲಿ ಎಲ್ಲ ಹಿಂದಕ್ಕೆ ಹೋಗುತ್ತದೆ.

ದಾಳಿಯಿಡುವವು ಮುಖ್ಯವಾಗಿ ಮೂರು. ಯುರೋಪಿನಿಂದ ತಂದ ಬ್ರೌನ್ ಟ್ರೌಟ್, ಅಪಾಚೆ ಟ್ರೌಟ್‌ನ ಮರಿಗಳನ್ನು ತಿಂದು ಹಾಕುತ್ತದೆ. ಅಮೆರಿಕದ ಪೂರ್ವ ಭಾಗದಿಂದ ತಂದ ಬ್ರೂಕ್ ಟ್ರೌಟ್ ಆಹಾರ, ಜಾಗ ಎರಡಕ್ಕೂ ಪೈಪೋಟಿಗೆ ನಿಲ್ಲುತ್ತದೆ. ಪೆಸಿಫಿಕ್ ಕರಾವಳಿ ಕಡೆಯಿಂದ ತಂದ ರೇನ್‌ಬೋ ಟ್ರೌಟ್ ತಿನ್ನುವುದಕ್ಕಿಂತ ಕೆಟ್ಟದ್ದನ್ನು ಮಾಡುತ್ತದೆ: ಅಪಾಚೆ ಟ್ರೌಟ್ ಜೊತೆ ಕೂಡಿ ಮಿಶ್ರತಳಿ ಹುಟ್ಟಿಸುತ್ತದೆ. ಆ ಮಿಶ್ರತಳಿ ಬಂಜೆಯಲ್ಲ, ಅದೂ ಮರಿ ಹಾಕುತ್ತದೆ. ಹಾಗಾಗಿ ಹಳ್ಳದ ತುಂಬ ಮೀನಿದ್ದರೂ ಮೂಲ ತಳಿ ಕರಗಿ ಹೋಗಿರುತ್ತದೆ. ನೀಲಗಿರಿಯಲ್ಲಿ ಬ್ರಿಟಿಷರು ತಂದು ಬಿಟ್ಟು, ಅವಲಾಂಚಿಯ ಮರಿ ಕೇಂದ್ರದಲ್ಲಿ ಬೆಳೆಸಿದ ರೇನ್‌ಬೋ ಟ್ರೌಟ್ ಇದೇ ಪ್ರಭೇದ. ಅಲ್ಲೂ ಅದು ಪರಕೀಯವೇ.

ಗೋಡೆಯ ಲೆಕ್ಕ ಸರಳ. ಮೇಲಿನ ಹಳ್ಳ ಅಪಾಚೆ ಟ್ರೌಟ್‌ಗೆ, ಕೆಳಗಿನದು ಉಳಿದವಕ್ಕೆ. ಮೇಲಿನ ಮೀನು ಕೆಳಗೆ ಬಿದ್ದರೆ ನಷ್ಟ ಅಷ್ಟೇ. ಕೆಳಗಿನ ಒಂದು ಜೋಡಿ ಮೇಲೆ ಹೋದರೆ ಹಳ್ಳವೇ ಹೋಯಿತು. ಹೀಗಾಗಿ ಶೇಕಡಾ 99 ಕೆಲಸ ಮಾಡುವ ಗೋಡೆಯನ್ನು ಕೆಲಸ ಮಾಡದ ಗೋಡೆ ಎಂದೇ ಲೆಕ್ಕ ಹಾಕಬೇಕು.

ಮೀನು ಎಷ್ಟು ಎತ್ತರ ಹಾರುತ್ತದೆ

ಟ್ರೌಟ್ ನೀರಿನಿಂದ ಹೊರಗೆ ಚಿಮ್ಮುವ ವೇಗ ಅದರ ಮೈಯುದ್ದವನ್ನು ಅವಲಂಬಿಸುತ್ತದೆ. ಒಂದು ಸೆಕೆಂಡಿಗೆ ತನ್ನ ಉದ್ದದ ಹತ್ತು ಪಟ್ಟು ಎಂದು ಹಿಡಿಯಿರಿ. 30 ಸೆಂ.ಮೀ. ಮೀನಿಗೆ ಸೆಕೆಂಡಿಗೆ 3 ಮೀಟರ್. ವೇಗದ ವರ್ಗವನ್ನು ಗುರುತ್ವದ ಎರಡು ಪಟ್ಟಿನಿಂದ ಭಾಗಿಸಿದರೆ ಏರಿಕೆ 46 ಸೆಂ.ಮೀ. 40 ಸೆಂ.ಮೀ. ಮೀನಿಗೆ ಇದು 82 ಸೆಂ.ಮೀ. ಅರ್ಧ ಮೀಟರ್ ಉದ್ದದ ದೊಡ್ಡ ಬ್ರೌನ್ ಟ್ರೌಟ್‌ಗೆ 1.27 ಮೀಟರ್. ನೆಟ್ಟಗೆ ಮೇಲಕ್ಕೆ ಹಾರಿದರೆ ಬರುವ ಲೆಕ್ಕ ಇದು. ಓರೆಯಾಗಿ ಹಾರಿದರೆ ಕಡಿಮೆ. ಆದರೂ ಇದರ ಮೇಲೆ ಸುರಕ್ಷತೆಗೆ ಸ್ವಲ್ಪ ಸೇರಿಸಿಯೇ 1.5ರಿಂದ 1.8 ಮೀಟರ್ ಧುಮುಕು (ನೀರು ಬೀಳುವ ಎತ್ತರ) ಇಡುತ್ತಾರೆ.

ಬ್ರೂಕ್ ಟ್ರೌಟ್‌ಗಳನ್ನು ಪ್ರಯೋಗಾಲಯದಲ್ಲಿ ಕೃತಕ ಜಲಪಾತದ ಮುಂದೆ ಬಿಟ್ಟು ನೋಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ದೊಡ್ಡವು 73.5 ಸೆಂ.ಮೀ. ಹಾರಿದವು. 10ರಿಂದ 15 ಸೆಂ.ಮೀ. ಉದ್ದದ ಸಣ್ಣವೂ 63.5 ಸೆಂ.ಮೀ. ಹಾರಿದವು. ಸಣ್ಣ ಮೀನು ಹಾರಲಾರದು ಎಂದು ಯಾರೂ ನೆಮ್ಮದಿಯಾಗಿರಬಾರದು. ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ನಮಗೆ ಇನ್ನೂ ಮುಖ್ಯ: ಕೆಳಗಿನ ಮಡುವಿನ ಆಳ 10 ಸೆಂ.ಮೀ.ಗೆ ಇಳಿದಾಗ ಮೀನುಗಳ ಹಾರಾಟ ಬಹಳ ಕುಗ್ಗಿತು. ಮೀನಿಗೆ ಓಡಿ ಬಂದು ಹಾರಲು ಆಳ ಬೇಕು. ಧುಮುಕಿನ ಎತ್ತರದ ಒಂದೂಕಾಲು ಪಟ್ಟು ಆಳದ ಮಡು ಇದ್ದರೆ ಹಾರಾಟಕ್ಕೆ ತಕ್ಕ ಜಾಗ ಎಂಬುದು ಮೀನು ಏಣಿ ಕಟ್ಟುವವರು ಬಳಸುವ ಹಳೆಯ ಲೆಕ್ಕ. ತಡೆಗೋಡೆ ಕಟ್ಟುವವರು ಅದನ್ನೇ ತಿರುಗಿಸಿ ಬಳಸಬೇಕು.

ಇಲ್ಲಿ ಕಿಂಡಿ ಅಣೆಕಟ್ಟು, ಚೆಕ್ ಡ್ಯಾಂ ಕೆಲಸ ಮಾಡಿದ ಎಂಜಿನಿಯರುಗಳಿದ್ದರೆ ಗಮನಿಸಬೇಕು. ನಮ್ಮಲ್ಲಿ ಕಟ್ಟೆಯ ಕೆಳಗೆ ನೀರಿನ ಮೆತ್ತೆ ಇರಲಿ, ಬೀಳುವ ನೀರಿನ ಹೊಡೆತ ಅದರಲ್ಲಿ ಸಾಯಲಿ ಎಂದು ತೊಟ್ಟಿ ಮಾಡುತ್ತೇವೆ, ಏಪ್ರನ್ (ಕಟ್ಟೆಯ ಬುಡದ ಮುಂದಿನ ಕಾಂಕ್ರೀಟ್ ಹಾಸು) ತುದಿಯಲ್ಲಿ ಅಡ್ಡಪಟ್ಟಿ ಕಟ್ಟುತ್ತೇವೆ. ಮೀನು ತಡೆಗೋಡೆಯಲ್ಲಿ ಅದನ್ನು ಮಾಡಿದರೆ ನಾವೇ ಮೀನಿಗೆ ಹಾರುವ ಹಲಗೆ ಹಾಕಿಕೊಟ್ಟ ಹಾಗೆ. ಇಲ್ಲಿ ಏಪ್ರನ್ ಕೆಳಕ್ಕೆ ಸ್ವಲ್ಪ ಇಳಿಜಾರಾಗಿ, ಅಂಚುಪಟ್ಟಿ ಇಲ್ಲದೆ, ನೀರು ತೆಳುವಾಗಿ ಹರಡಿ ಓಡಿ ಹೋಗುವಂತೆ ಇರಬೇಕು. 1.5 ಮೀಟರಿನಿಂದ ಬಿದ್ದ ನೀರು ತಳಕ್ಕೆ ಬಡಿಯುವಾಗ ಸೆಕೆಂಡಿಗೆ 5.4 ಮೀಟರ್ ವೇಗದಲ್ಲಿರುತ್ತದೆ. ಆ ಹೊಡೆತವನ್ನು ಪೂರ್ತಿಯಾಗಿ ಕಾಂಕ್ರೀಟೇ ತಿನ್ನಬೇಕು. ಅದಕ್ಕೇ ಏಪ್ರನ್ ದಪ್ಪ 30ರಿಂದ 45 ಸೆಂ.ಮೀ., ಮೇಲೆ ಕೆಳಗೆ ಎರಡೂ ಕಡೆ ಕಬ್ಬಿಣದ ಜಾಲ.

ಎತ್ತರ ಅಳೆಯುವಾಗಲೂ ಬಹಳ ಜನ ತಪ್ಪುವುದು ಒಂದೇ ಜಾಗದಲ್ಲಿ. ಬೇಸಿಗೆಯಲ್ಲಿ ಟೇಪು ಹಿಡಿದು ಗೋಡೆಯ ನೆತ್ತಿಯಿಂದ ತಳಕ್ಕೆ 1.6 ಮೀಟರ್ ಎಂದು ಬರೆದುಕೊಳ್ಳುತ್ತಾರೆ. ಮೀನಿಗೆ ಗೋಡೆಯ ಎತ್ತರ ಲೆಕ್ಕಕ್ಕಿಲ್ಲ. ಮೇಲಿನ ನೀರಿನ ಮಟ್ಟಕ್ಕೂ ಕೆಳಗಿನ ನೀರಿನ ಮಟ್ಟಕ್ಕೂ ಇರುವ ಅಂತರವೇ ಲೆಕ್ಕ, ಅದೂ ನೆರೆಯ ದಿನ. ನೆತ್ತಿಯ ಮೇಲೆ ನೀರು 80 ಸೆಂ.ಮೀ. ಏರಿದಾಗ ಕೆಳಗಿನ ಹಳ್ಳ ಕಿರಿದಾಗಿದ್ದರೆ ಅಲ್ಲಿ 1.6 ಮೀಟರ್ ಏರಬಹುದು. ಆಗ ಉಳಿಯುವ ಅಂತರ 80 ಸೆಂ.ಮೀ. ಮಾತ್ರ, ಕೆಳಗೆ ಬೇಕಾದಷ್ಟು ಆಳ. 40 ಸೆಂ.ಮೀ. ಉದ್ದದ ಮೀನಿಗೆ ಅದು ದಾಟಲಾಗದ ಎತ್ತರವಲ್ಲ. ಆದ್ದರಿಂದ ಗೋಡೆಗೆ ಜಾಗ ಹುಡುಕುವಾಗ ಕೆಳಗೆ ಹಳ್ಳ ಅಗಲವಾಗಿ, ಇಳಿಜಾರಾಗಿ, ನೀರು ಬೇಗ ಇಳಿದು ಹೋಗುವ ಕಡೆ ನೋಡಬೇಕು.

ಗೇಬಿಯನ್ ಯಾಕೆ ಸೋಲುತ್ತದೆ

ವೈಟ್ ಮೌಂಟನ್ಸ್‌ನ ಹಳೆಯ ತಡೆಗೋಡೆಗಳಲ್ಲಿ ಬಹಳಷ್ಟು ಗೇಬಿಯನ್‌ಗಳು, ಅಂದರೆ ತಂತಿ ಜಾಲರಿ ಪೆಟ್ಟಿಗೆಗೆ ಕಲ್ಲು ತುಂಬಿ ಪೇರಿಸಿದವು. ರಸ್ತೆಯಿಲ್ಲದ ಜಾಗಕ್ಕೆ ಮಡಚಿದ ಜಾಲರಿ ಹೊತ್ತೊಯ್ದರೆ ಸಾಕು, ಕಲ್ಲು ಅಲ್ಲೇ ಸಿಗುತ್ತದೆ. ಅಗ್ಗ, ಬೇಗ ಆಗುತ್ತದೆ. ಮಣ್ಣು ತಡೆಯುವುದಕ್ಕೆ ಗೇಬಿಯನ್ ಒಳ್ಳೆಯದು. ಮೀನು ತಡೆಯುವುದಕ್ಕೆ ಅದನ್ನು ನೆಚ್ಚಿಕೊಳ್ಳಬಾರದು ಎಂಬುದೇ ನಮ್ಮ ಖಚಿತ ಅಭಿಪ್ರಾಯ. ಕಾರಣ ಹೇಳುತ್ತೇನೆ.

ಸಾಮಾನ್ಯ ಜಾಲರಿಯ ಕಣ್ಣು 8×10 ಸೆಂ.ಮೀ., ತಂತಿ 2.7 ಮಿ.ಮೀ., ಒಳಗಿನ ಕಲ್ಲು 10ರಿಂದ 20 ಸೆಂ.ಮೀ. ಕಲ್ಲು ಎಷ್ಟೇ ಚೆನ್ನಾಗಿ ಜೋಡಿಸಿದರೂ ಪೆಟ್ಟಿಗೆಯ ಮೂರನೇ ಒಂದು ಭಾಗ ಖಾಲಿ ಜಾಗ. ಕಟ್ಟಿದ ಹೊಸದರಲ್ಲಿ ಮೇಲಿನಿಂದ ಹೂಳು ಬಂದು ಆ ಸಂದು ಮುಚ್ಚುತ್ತದೆ, ಗೋಡೆ ಗಟ್ಟಿಯಾದಂತೆ ಕಾಣುತ್ತದೆ. ಮುಂದೊಂದು ನೆರೆಯಲ್ಲಿ ಹೂಳು ಎಲ್ಲೋ ಒಂದು ಕಡೆ ಕಿತ್ತು ಹೋಗುತ್ತದೆ. ಬೇಸಿಗೆಯಲ್ಲಿ ಹಳ್ಳದಲ್ಲಿ ಸೆಕೆಂಡಿಗೆ 15 ಲೀಟರ್ ಮಾತ್ರ ಹರಿಯುವಾಗ ಅಷ್ಟೂ ನೀರು ಗೋಡೆಯ ಒಡಲಿನೊಳಗೇ ಹಾದು ಹೋಗುತ್ತದೆ, ನೆತ್ತಿ ಒಣಗಿ ನಿಂತಿರುತ್ತದೆ. ಆಗ ಹತ್ತು ಸೆಂ.ಮೀ. ಮೀನಿಗೆ ಹಾರುವ ಅಗತ್ಯವೇ ಇಲ್ಲ. ಕಲ್ಲಿನ ಸಂದಿಯಲ್ಲಿ ನುಸುಳಿ, ತಂಗಿ, ಮತ್ತೆ ನುಸುಳಿ ಮೇಲೆ ಬರುತ್ತದೆ. ಬೇಸಿಗೆಯಲ್ಲಿ ನೆತ್ತಿ ಒಣಗಿದ ಗೇಬಿಯನ್ ಕಂಡರೆ ಗೋಡೆ ಈಗಾಗಲೇ ಸೋತಿದೆ ಎಂದುಕೊಂಡೇ ಕೆಲಸ ಶುರು ಮಾಡಬೇಕು.

ಎರಡನೆಯದು ತಂತಿ. ನೆತ್ತಿಯ ಮುಂದಿನ ಅಂಚನ್ನು ಕೈಯಿಂದ ಸವರಿ ನೋಡಿ. ನೆರೆಯಲ್ಲಿ ಉರುಳುವ ಕಲ್ಲುಗಳು ಮೊದಲು ಪ್ಲಾಸ್ಟಿಕ್ ಹೊದಿಕೆ ಸುಲಿಯುತ್ತವೆ, ಆಮೇಲೆ ಸತುವಿನ ಲೇಪ. ತಂತಿಯ ಮೇಲ್ಮೈ ಚಪ್ಪಟೆಯಾಗಿ, ಹೊಳಪು ಬಂದು, ತಿರುಚಿದ ಗಂಟಿನ ಬಳಿ ಕಂದು ತುಕ್ಕು ಕಾಣುತ್ತದೆ. ಆ ಗಂಟುಗಳು ಬಿಟ್ಟ ಮೇಲೆ ಎರಡು ಕಣ್ಣು ಒಂದಾಗುತ್ತದೆ, ಕಲ್ಲು ಜಾರುತ್ತದೆ, ಪೆಟ್ಟಿಗೆ ಕುಗ್ಗುತ್ತದೆ. ನೆತ್ತಿಯಲ್ಲಿ 30 ಸೆಂ.ಮೀ. ತಗ್ಗು ಬಿತ್ತೆಂದರೆ ಹಳ್ಳದ ನೀರೆಲ್ಲ ಆ ತಗ್ಗಿಗೆ ನುಗ್ಗಿ, ಕೆಳಗೆ ಒಂದೇ ಕಡೆ ಬಿದ್ದು ಮಡು ತೋಡುತ್ತದೆ. ಅಂದರೆ ಎತ್ತರ ಕಡಿಮೆಯಾದ ಜಾಗದಲ್ಲೇ ಆಳ ಹೆಚ್ಚಾಗುತ್ತದೆ. ಮೀನು ಅಲ್ಲೇ ಸೇರುತ್ತದೆ.

ಮೂರನೆಯದು ಬುಡ ಮತ್ತು ಬದಿ. ಬುಡದಲ್ಲಿ ನೀರು ತಳದ ಮರಳನ್ನು ಎಳೆದೊಯ್ದು ಕೊಳವೆ ಮಾಡಿಕೊಳ್ಳುತ್ತದೆ. ಬದಿಯಲ್ಲಿ ದಂಡೆ ಕೊರೆದು ಗೋಡೆಯನ್ನು ಸುತ್ತು ಹಾಕುತ್ತದೆ. ದನ, ಎಲ್ಕ್ ಜಿಂಕೆಗಳು ನೀರಿಗಿಳಿಯುವ ಜಾಡು ರೆಕ್ಕೆಗೋಡೆಯ (ಎರಡೂ ಬದಿ ದಂಡೆಯೊಳಗೆ ಹೊಕ್ಕ ಗೋಡೆಯ) ಪಕ್ಕದಲ್ಲಿದ್ದರೆ ನೆರೆಗೆ ದಾರಿ ಸಿದ್ಧ.

ಗೋಡೆ ಮುರಿಯದೆಯೂ ಸೋಲಬಹುದು. ಒಂದು ಮರದ ದಿಮ್ಮಿ ಗೋಡೆಗೆ ಒರಗಿ ಬಿದ್ದರೆ ಅದರ ಬೆನ್ನ ಮೇಲೆ ಹರಿಯುವ ನೀರು ಮೆಟ್ಟಿಲಾಗುತ್ತದೆ. ಕೆಳಗೆ ಬೀವರ್ ಎಂಬ ಪ್ರಾಣಿ ತನ್ನ ಅಣೆಕಟ್ಟು ಕಟ್ಟಿದರೆ ಹಿನ್ನೀರು ಗೋಡೆಯ ಬುಡಕ್ಕೆ ಬರುತ್ತದೆ. ಇವೆರಡಕ್ಕೂ ಬೇಕಾದ್ದು ಗರಗಸ, ಸನಿಕೆ, ಸಮಯಕ್ಕೆ ಸರಿಯಾಗಿ ಹೋಗಿ ನೋಡುವ ಜನ.

ತಪಾಸಣೆ

ವರ್ಷಕ್ಕೆ ಎರಡು ಸಲವಾದರೂ ನೋಡಬೇಕು: ಹಿಮ ಕರಗಿ ನೆರೆ ಇಳಿದ ಮೇಲೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ. ನೆತ್ತಿಯ ಮೇಲೆ ಐದು ಗುರುತು ಬಿಂದು, ಪ್ರತಿ ಸಲ ಅದೇ ಬಿಂದುಗಳಲ್ಲಿ ಲೆವೆಲ್. ಮೇಲಿನ ಮತ್ತು ಕೆಳಗಿನ ನೀರಿನ ಮಟ್ಟ, ಏಪ್ರನ್ ಮೇಲಿನ ನೀರಿನ ದಪ್ಪ, ಏಪ್ರನ್ ತುದಿಯಲ್ಲಿ ಮಡುವಿನ ಆಳ, ಆ ದಿನದ ಹರಿವು. ಹರಿವು ಬರೆದುಕೊಳ್ಳದೆ ಬರೀ ಮಟ್ಟ ಬರೆದರೆ ಹೋದ ವರ್ಷಕ್ಕೆ ಹೋಲಿಸಲು ಬರುವುದಿಲ್ಲ. ಫೋಟೋ ತೆಗೆಯುವ ಜಾಗಕ್ಕೂ ಕಲ್ಲಿನಲ್ಲಿ ಗುರುತು ಇರಲಿ.

ಸೋರಿಕೆ ಹುಡುಕಲು ಮೇಲ್ಬದಿಯಲ್ಲಿ ತಳಕ್ಕೆ ತಾಗುವಂತೆ ಫ್ಲೋರಸೀನ್ ಬಣ್ಣ ಬಿಡಿ. ಬಣ್ಣ ನೆತ್ತಿಯ ಮೇಲಿಂದ ಬರುವ ಮೊದಲೇ ಬುಡದಲ್ಲಿ ಕಾಣಿಸಿದರೆ ದಾರಿ ಗೊತ್ತಾಯಿತು. ಏಪ್ರನ್ ಮೇಲೆ ಅರ್ಧ ಮೀಟರಿಗೊಂದರಂತೆ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಅಡಿಯ ಮಣ್ಣು ಹೋಗಿದೆ.

ಮೀನೇ ಹೇಳುವ ಸಾಕ್ಷಿ ಇನ್ನೊಂದು. ಗೋಡೆಯ ಕೆಳಗೆ ಹಿಡಿದ ಬ್ರೌನ್ ಅಥವಾ ಬ್ರೂಕ್ ಟ್ರೌಟ್‌ಗಳ ಬೆನ್ನಿನ ಹಿಂದಿನ ಪುಟ್ಟ ಕೊಬ್ಬಿನ ರೆಕ್ಕೆಯನ್ನು ಕತ್ತರಿಸಿ, ಅಲ್ಲೇ ಕೆಳಗೆ ಬಿಡುತ್ತಾರೆ. ಮುಂದಿನ ಋತುವಿನಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ವಿದ್ಯುತ್ ಯಂತ್ರದಿಂದ ಮೇಲಿನ ಹಳ್ಳದಲ್ಲಿ ಮೀನು ಹಿಡಿದು ನೋಡುತ್ತಾರೆ. ರೆಕ್ಕೆ ಕತ್ತರಿಸಿದ ಒಂದೇ ಮೀನು ಸಿಕ್ಕರೂ ತೀರ್ಪು ಮುಗಿಯಿತು. ಸಿಗದಿದ್ದರೆ ಗೋಡೆ ಸರಿಯಿದೆ ಎಂದು ಅರ್ಥವಲ್ಲ. ನೀರನ್ನು ಸೋಸಿ ಅದರಲ್ಲಿನ ಡಿಎನ್ಎ ಪರೀಕ್ಷಿಸುವ ವಿಧಾನವೂ ಈಗ ಜೊತೆಗಿದೆ. ಬ್ರೌನ್, ಬ್ರೂಕ್ ಟ್ರೌಟ್‌ಗೆ ಅದು ಚೆನ್ನಾಗಿ ಒದಗುತ್ತದೆ. ರೇನ್‌ಬೋ ಮಿಶ್ರತಳಿಯ ವಿಷಯಕ್ಕೆ ಮಾತ್ರ ಮೀನಿನ ರೆಕ್ಕೆಯ ಚೂರನ್ನೇ ತಳಿ ಪರೀಕ್ಷೆಗೆ ಕಳಿಸಬೇಕು.

ದುರಸ್ತಿಯೋ, ಹೊಸದೋ

ಗೇಬಿಯನ್‌ನ ಮೇಲಿನ ಸಾಲು ಮಾತ್ರ ಹಾಳಾಗಿದ್ದರೆ ದುರಸ್ತಿ ಮಾಡಿ. ಬುಡದ ಸಾಲಿನ ತಂತಿ ಹೋಗಿದ್ದರೆ ತೇಪೆ ಹಾಕಿ ಹಣ ಕಳೆಯಬೇಡಿ, ಹೊಸ ಕಾಂಕ್ರೀಟ್ ಗೋಡೆ ಕಟ್ಟಿ. ಆದರೆ ಹೊಸದು ಕೆಲಸ ಶುರು ಮಾಡುವವರೆಗೆ ಹಳೆಯದರ ಒಂದು ಕಲ್ಲನ್ನೂ ತೆಗೆಯಬಾರದು. ಹೊಸದನ್ನು ಹಳೆಯದರ ಮೇಲ್ಬದಿಯಲ್ಲಿ ಕಟ್ಟಿದರೆ ಕೆಲಸ ನಡೆಯುವಷ್ಟು ದಿನ ಹಳೆಯದು ಕಾವಲಿರುತ್ತದೆ. ತೊಂದರೆ ಏನೆಂದರೆ ಮೇಲ್ಬದಿಯಲ್ಲಿ ಹೂಳು ತುಂಬಿರುತ್ತದೆ. 3 ಶೇಕಡಾ ಇಳಿಜಾರಿನ ಹಳ್ಳದಲ್ಲಿ 1.5 ಮೀಟರ್ ಗೋಡೆಯ ಹೂಳು 50ರಿಂದ 100 ಮೀಟರ್‌ವರೆಗೆ ಹಬ್ಬಿರುತ್ತದೆ. ಅದನ್ನು ದಾಟಿ ಬಂಡೆ ಸಿಗುವ ಜಾಗಕ್ಕೆ ಹೋಗಬೇಕು. ಕೆಳಬದಿಯಲ್ಲಿ ಕಟ್ಟಿದರೆ ತಳ ಸುಲಭವಾಗಿ ಸಿಗುತ್ತದೆ, ಆದರೆ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡ ಪರಕೀಯ ಮೀನನ್ನೆಲ್ಲ ತೆಗೆಯಬೇಕು. ಹಾಗೆ ತೆಗೆಯುವುದಾದರೆ ಎರಡು ಗೋಡೆ ಉಳಿಸಿಕೊಳ್ಳುವುದೇ ಉತ್ತಮ: ಕೆಳಗಿನದು ಸೋತರೂ ನಡುವಿನ ತುಂಡಿನಲ್ಲೇ ಸುದ್ದಿ ಸಿಗುತ್ತದೆ, ಮೇಲಿನ ಹಳ್ಳ ಸುರಕ್ಷಿತ.

ಕೆಲಸದ ಕಾಲ ಮುಖ್ಯ. ಮಾರ್ಚ್‌ನಿಂದ ಮೇವರೆಗೆ ಹಿಮದ ನೀರು, ಅದೇ ವಸಂತದಲ್ಲಿ ಅಪಾಚೆ ಟ್ರೌಟ್ ಮೊಟ್ಟೆಯಿಡುತ್ತದೆ. ಜೂನ್ ಒಣಗಿರುತ್ತದೆ, ಆದರೆ ಕಾಡ್ಗಿಚ್ಚಿನ ತಿಂಗಳು. ಆಮೇಲೆ ಮಳೆ. ಉಳಿಯುವುದು ಸೆಪ್ಟೆಂಬರ್ ಕೊನೆಯಿಂದ ಹಿಮ ಬೀಳುವವರೆಗಿನ ಕೆಲವು ವಾರ. ಕಾಂಕ್ರೀಟ್‌ನಲ್ಲಿರುವ ನೀರು ಚಳಿಗೆ ಹೆಪ್ಪುಗಟ್ಟದಂತೆ ಕ್ಯೂರಿಂಗ್ ಮಾಡಲು ಅಷ್ಟು ದಿನಗಳೂ ಲೆಕ್ಕಕ್ಕೆ ಬೇಕು.

ಮೊದಲು ಕೆಲಸದ ಜಾಗದ ಮೇಲೂ ಕೆಳಗೂ 6 ಮಿ.ಮೀ. ಕಣ್ಣಿನ ಬಲೆ ಕಟ್ಟಿ ನಡುವಿನ ಮೀನನ್ನೆಲ್ಲ ಹಿಡಿಯಬೇಕು. ಗೋಡೆಯ ಕೆಳಗೆ ಸಿಕ್ಕಿದ ಯಾವ ಮೀನನ್ನೂ, ಅದು ಅಪ್ಪಟ ಅಪಾಚೆ ಟ್ರೌಟ್‌ನಂತೆ ಕಂಡರೂ, ಮೇಲಕ್ಕೆ ಬಿಡಬಾರದು. ಮಿಶ್ರತಳಿಯನ್ನು ಕಣ್ಣಿನಿಂದ ಗುರುತಿಸಿ ನಂಬಲಾಗದು. ಕೆಲಸಗಾರರ ಕೈಗೆ ಬಕೆಟ್ ಕೊಡುವ ಮೊದಲು ಈ ಮಾತು ಹೇಳಿ ಒಪ್ಪಿಸಬೇಕು.

ನೀರು ತಿರುಗಿಸಲು ಮರಳು ಚೀಲದ ಅಡ್ಡಗಟ್ಟೆ, ಅದಕ್ಕೆ 300 ಮಿ.ಮೀ. ಪೈಪು. ಇಳಿಜಾರಿನಲ್ಲಿ ತಾನಾಗಿ ಹರಿದು ಹೋಗುವ ಪೈಪು ಪಂಪಿಗಿಂತ ಸಾವಿರ ಪಾಲು ಮೇಲು. ಪಂಪು ರಾತ್ರಿ ನಿಂತರೆ ಗುಂಡಿ ತುಂಬುತ್ತದೆ. ಪಂಪು ಇಡಲೇಬೇಕಾದರೆ ಬಾಯಿಗೆ ಸುಮಾರು 2.4 ಮಿ.ಮೀ. ಕಣ್ಣಿನ ಜಾಲರಿ ಹಾಕಿ, ಇಲ್ಲದಿದ್ದರೆ ಮರಿಗಳು ಹೋಗುತ್ತವೆ. ಪೈಪಿನ ಕೆಳ ಬಾಯಿ ನೀರಿನ ಮಟ್ಟಕ್ಕಿಂತ ಒಂದು ಮೀಟರಿಗೂ ಹೆಚ್ಚು ಎತ್ತರದಲ್ಲಿ, ಬಂಡೆಯ ಮೇಲೆ ನೀರು ಚೆಲ್ಲುವಂತೆ ಇರಬೇಕು. ನೀರಿನಲ್ಲಿ ಮುಳುಗಿಸಿ ಇಟ್ಟರೆ ಆ ಪೈಪೇ ಮೀನಿಗೆ ಸುರಂಗ.

ಬುಡದ ಲೆಕ್ಕಕ್ಕೆ ಬರೋಣ. ಕಟ್ಟೆಯಡಿ ನೀರು ಸೋರುವ ಲೆಕ್ಕಕ್ಕೆ ಎಂಜಿನಿಯರುಗಳು ಬ್ಲೈ, ಲೇನ್, ಖೋಸ್ಲಾ ಎಂದು ಪರೀಕ್ಷೆಗೆ ಓದಿದ್ದು ಇಲ್ಲಿ ಹಾಗೇ ಉಪಯೋಗಕ್ಕೆ ಬರುತ್ತದೆ. ಲೇನ್ ವಿಧಾನದಲ್ಲಿ ನೀರು ನೆಲದಡಿ ಸಾಗುವ ದಾರಿಯ ಲಂಬ ಉದ್ದ ಪೂರ್ತಿ, ಅಡ್ಡ ಉದ್ದದ ಮೂರನೇ ಒಂದು ಭಾಗ ಸೇರಿಸಬೇಕು. ಉರುಟುಗಲ್ಲು ಬೆರೆತ ದಪ್ಪ ಜಲ್ಲಿ ನೆಲಕ್ಕೆ ಈ ಮೊತ್ತ ನೀರಿನ ಮಟ್ಟದ ಅಂತರದ 3 ಪಟ್ಟು ಇರಬೇಕು. ಅಂತರ 1.8 ಮೀಟರ್ ಆದರೆ 5.4 ಮೀಟರ್ ಬೇಕು. ಮೇಲ್ಬದಿಯ ಕಟ್‌ಆಫ್ (ಸೋರಿಕೆ ತಡೆಯಲು ನೆಲದೊಳಗೆ ಇಳಿಸುವ ಗೋಡೆ) 1 ಮೀಟರ್ ಆಳ, ಇಳಿದು ಹತ್ತುವುದು 2 ಮೀಟರ್. ಕೆಳಬದಿಯದು 0.8, ಅಂದರೆ 1.6. ತಳದ ಉದ್ದ 4.5, ಅದರ ಮೂರನೇ ಒಂದು 1.5. ಒಟ್ಟು 5.1, ಸಾಲದು. ಮೇಲ್ಬದಿಯ ಕಟ್‌ಆಫನ್ನು 1.2ಕ್ಕೆ ಇಳಿಸಿದರೆ 5.5, ಸಾಕು. ನೆಲ ಸಣ್ಣ ಮರಳಾಗಿದ್ದರೆ 3ರ ಬದಲು 7 ಪಟ್ಟು ಬೇಕು. ಆಗ ಜಾಗ ಬದಲಿಸುವುದೇ ಜಾಣತನ. ಬಂಡೆ ಸಿಕ್ಕರೆ 16 ಮಿ.ಮೀ. ಸರಳನ್ನು 45ರಿಂದ 60 ಸೆಂ.ಮೀ. ಆಳ ಕೊರೆದು, ತೂತಿನ ಧೂಳನ್ನು ಪೂರ್ತಿ ಊದಿ ತೆಗೆದು, ಗ್ರೌಟ್ (ಸಿಮೆಂಟ್ ಗಾರೆ) ಹಾಕಿ ಕೂರಿಸಬೇಕು. ಧೂಳು ಉಳಿದರೆ ಗ್ರೌಟ್ ಬಂಡೆಯನ್ನು ಹಿಡಿಯುವುದಿಲ್ಲ.

6 ಮೀಟರ್ ಉದ್ದ, 30 ಸೆಂ.ಮೀ. ದಪ್ಪ, 1.2 ಮೀಟರ್ ಆಳದ ಕಟ್‌ಆಫ್‌ಗೆ 2.16 ಘನ ಮೀಟರ್ ಕಾಂಕ್ರೀಟ್, 50 ಕಿಲೋದ ಹದಿನಾರು ಚೀಲ ಸಿಮೆಂಟ್, ಒಟ್ಟು ತೂಕ ಐದು ಟನ್ನಿಗೂ ಮೇಲೆ. ರಸ್ತೆಯಿಲ್ಲದ ಬೆಟ್ಟದಲ್ಲಿ ಇದೇ ಅತಿ ದೊಡ್ಡ ಖರ್ಚು. ಹಿಮ ಹೆಪ್ಪುಗಟ್ಟಿ ಕರಗುವ ಊರಾದ್ದರಿಂದ ಗಾಳಿಗುಳ್ಳೆ ಹಿಡಿಸುವ ಮಿಶ್ರಣ ಸೇರಿಸದೆ ಕಾಂಕ್ರೀಟ್ ಹಾಕಬಾರದು.

ಹಳೆಯ ಗೇಬಿಯನ್ ಉಳಿಸಿಕೊಂಡರೆ ಮೇಲ್ಬದಿಯ ಮುಖಕ್ಕೆ ಕಟ್‌ಆಫ್‌ನಿಂದಲೇ ಎದ್ದು ಬರುವ 20ರಿಂದ 25 ಸೆಂ.ಮೀ. ದಪ್ಪದ ಕಾಂಕ್ರೀಟ್ ಗೋಡೆ. ನೆತ್ತಿಯ ಸಡಿಲ ಪೆಟ್ಟಿಗೆ ಕತ್ತರಿಸಿ ತೆಗೆದು 30 ಸೆಂ.ಮೀ. ಕಾಂಕ್ರೀಟ್ ಟೋಪಿ. ಅದರ ಮುಂದಂಚಿಗೆ 10–12 ಮಿ.ಮೀ. ಉಕ್ಕಿನ ತಗಡು, 15–20 ಸೆಂ.ಮೀ. ಮುಂದಕ್ಕೆ ಚಾಚಿಕೊಂಡಂತೆ. ಈ ಚಾಚು ನೀರನ್ನು ಗೋಡೆಯಿಂದ ದೂರ ಎಸೆಯುತ್ತದೆ, ಗೋಡೆ ಮುಖ ಹಿಡಿದು ಏರುವ ಮೀನಿಗೆ ತಡೆಯಾಗುತ್ತದೆ, ಉರುಳುವ ಕಲ್ಲಿನ ಏಟನ್ನೂ ತಾಳುತ್ತದೆ. ಹೊಸ ಕಾಂಕ್ರೀಟ್ ಕಲ್ಲು ತುಂಬಿದ ಪೆಟ್ಟಿಗೆಗೆ ತಾನಾಗಿ ಅಂಟುವುದಿಲ್ಲ, 16 ಮಿ.ಮೀ. ಸರಳುಗಳನ್ನು ಮುಕ್ಕಾಲು ಮೀಟರ್ ಒಳಗಿಳಿಸಿ ಸುತ್ತ ಗ್ರೌಟ್ ತುಂಬಬೇಕು.

ರೆಕ್ಕೆಗೋಡೆ ಎಷ್ಟು ಎತ್ತರ? 4 ಮೀಟರ್ ಅಗಲದ ನೆತ್ತಿಯ ಮೇಲೆ ಸೆಕೆಂಡಿಗೆ 5 ಘನ ಮೀಟರ್ ನೆರೆ ಹೋದರೆ, 1.7ರ ಗುಣಾಂಕದಲ್ಲಿ ನೀರು 81 ಸೆಂ.ಮೀ. ಏರುತ್ತದೆ. ಮೇಲೆ 40 ಸೆಂ.ಮೀ. ಬಿಡಿ, ನೆತ್ತಿಗಿಂತ 1.2 ಮೀಟರ್ ಎತ್ತರ. ದಂಡೆಯೊಳಗೆ ಕನಿಷ್ಠ ಎರಡು ಮೀಟರ್ ಹೊಗಿಸಿ, ಅಗೆದ ಮಣ್ಣನ್ನು 15 ಸೆಂ.ಮೀ. ಪದರಗಳಲ್ಲಿ ತುಂಬಿ ದಮ್ಮಸು ಮಾಡಬೇಕು. ಗೋಡೆ ಗಟ್ಟಿ, ಪಕ್ಕದ ಮಣ್ಣು ಸಡಿಲ ಎಂದಾದರೆ ಮೊದಲ ನೆರೆಯೇ ಸುತ್ತು ಹಾಕಿ ಹೋಗುತ್ತದೆ.

ಏಪ್ರನ್ ಅಡಿಯ ಟೊಳ್ಳಿಗೆ ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳಿನ ಗಟ್ಟಿ ಗ್ರೌಟನ್ನು ತೂತಿನ ಮೂಲಕ ಒತ್ತಬೇಕು, ಪಕ್ಕದ ತೂತಿನಲ್ಲಿ ಉಕ್ಕುವವರೆಗೆ. ಹರಿಯುವ ನೀರಿಗೆ ಸುರಿದರೆ ಸಿಮೆಂಟ್ ತೊಳೆದು ಹೋಗಿ ಮರಳು ಮಾತ್ರ ಉಳಿಯುತ್ತದೆ. ಹೋಗುವ ಸಿಮೆಂಟ್ ನೀರು ಮೀನು ಕೊಲ್ಲುತ್ತದೆ ಕೂಡ: ಹಸಿ ಕಾಂಕ್ರೀಟ್ ತಾಗಿದ ನೀರಿನ ಪಿಎಚ್ 11–12ಕ್ಕೆ ಏರುತ್ತದೆ. ಗುಂಡಿಯ ನೀರು, ಬಾಂಡ್ಲಿ ತೊಳೆದ ನೀರು, ಕ್ಯೂರಿಂಗ್ ನೀರು ಎಲ್ಲವನ್ನೂ ಹಳ್ಳದಿಂದ ದೂರ ಕಾಡು ನೆಲಕ್ಕೆ ಬಿಡಬೇಕು. ಏಳು ದಿನ ಕಳೆಯುವ ಮೊದಲು ಹಳ್ಳವನ್ನು ಮತ್ತೆ ಗೋಡೆಯ ಕಡೆ ತಿರುಗಿಸಬಾರದು.

ಕೊನೆಗೆ ಏಪ್ರನ್ ಮುಂದಿನ ಮಡುವನ್ನು 60–90 ಸೆಂ.ಮೀ. ಬಂಡೆಗಳಿಂದ ತುಂಬಿ, ಸಂದಿಗೆ ಕಾಂಕ್ರೀಟ್ ಹಾಕಿ. ಮೇಲ್ಬದಿಯ ಹೂಳನ್ನು ಮಾತ್ರ ತೆಗೆಯಬೇಡಿ. ನೀರು ಶೇಖರಿಸುವುದು ಇಲ್ಲಿ ಉದ್ದೇಶವಲ್ಲ, ಹೂಳು ಸೋರಿಕೆ ತಡೆಯುತ್ತದೆ.

ಗೋಡೆ ಆದ ಮೇಲೆ

ಮೇಲಿನ ಹಳ್ಳಕ್ಕೆ ಪರಕೀಯ ಮೀನು ಈಗಾಗಲೇ ಹೋಗಿದ್ದರೆ ಗೋಡೆ ಸರಿಯಾದ ಮೇಲೇ ಅದನ್ನು ತೆಗೆಯುವ ಕೆಲಸ. ಹಳ್ಳ ಸಣ್ಣದು, ಬ್ರೂಕ್ ಟ್ರೌಟ್ ಮಾತ್ರ ಎಂದಾದರೆ ವಿದ್ಯುತ್ ಯಂತ್ರದಿಂದ ವರ್ಷ ವರ್ಷವೂ ಹಿಡಿದು ತೆಗೆದು ಮುಗಿಸಬಹುದು. ರೇನ್‌ಬೋ ಮಿಶ್ರತಳಿ ಹಬ್ಬಿದ್ದರೆ ಸಾಮಾನ್ಯವಾಗಿ ರೊಟೆನೋನ್ ಎಂಬ ಮೀನು ವಿಷವೇ ಗತಿ, ಅದೂ ಪರವಾನಗಿ ಮತ್ತು ತರಬೇತಿ ಇರುವವರ ಕೈಯಲ್ಲಿ. ಉಳಿಸಬೇಕಾದ ಮೀನನ್ನು ಮೊದಲು ಹೊರಗೆ ಒಯ್ಯುತ್ತಾರೆ. ಟ್ರೌಟ್‌ಗೆ ಲೀಟರಿಗೆ 50 ಮೈಕ್ರೋಗ್ರಾಂ ಸಾಕು. ಸೆಕೆಂಡಿಗೆ 30 ಲೀಟರ್ ಹರಿಯುವ ಹಳ್ಳಕ್ಕೆ 5 ಶೇಕಡಾ ದ್ರಾವಣವನ್ನು ನಾಲ್ಕು ಗಂಟೆ ಹನಿಸಲು ಬೇಕಾಗುವುದು ಒಂದು ಹನಿ ಕೇಂದ್ರಕ್ಕೆ ಸುಮಾರು 430 ಮಿ.ಲೀ. ಗೋಡೆಯ ಕೆಳಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಸೇರಿಸಿ ವಿಷ ಮುರಿಯುತ್ತಾರೆ: ಲೀಟರಿಗೆ 3 ಮಿಲಿಗ್ರಾಂ ಎಂದರೆ ಗಂಟೆಗೆ 324 ಗ್ರಾಂ. ಮುರಿಯಲು 15ರಿಂದ 30 ನಿಮಿಷದ ಹರಿವಿನ ದಾರಿ ಬೇಕು. ಆ ದಾರಿಯ ಕೊನೆಯಲ್ಲಿ ಪಂಜರದಲ್ಲಿಟ್ಟ ಮೀನು ಬದುಕಿದೆಯೇ ಎಂದು ಗಂಟೆಗಂಟೆಗೂ ನೋಡುತ್ತಾರೆ. ಎಲ್ಲಿ ತಪ್ಪುತ್ತದೆ ಎಂದರೆ ಬದಿಯ ಒರತೆಗಳಲ್ಲಿ. ಅಲ್ಲಿ ವಿಷವಿಲ್ಲದ ತಣ್ಣೀರು ಹೊರಡುತ್ತದೆ, ಮರಿಗಳು ಅಲ್ಲಿ ಅಡಗಿ ಉಳಿಯುತ್ತವೆ. ಒರತೆಗಳನ್ನು ಒಂದೊಂದಾಗಿ ಹುಡುಕಿ ಗುರುತು ಮಾಡದೆ ಔಷಧಿ ಹಾಕಿದರೆ ಮುಂದಿನ ವರ್ಷ ಮತ್ತೆ ಅದೇ ಕೆಲಸ.

ಗೋಡೆಗೆ ಬೆಲೆಯೂ ಇದೆ, ಅದನ್ನು ಮುಚ್ಚಿಡಬಾರದು. ಗೋಡೆಯ ಮೇಲಿನ ಮೀನು ದ್ವೀಪದಲ್ಲಿ ಸಿಕ್ಕಿಕೊಂಡಂತೆ. 2,500 ಮೀನು ಇರಬೇಕೆಂದರೆ, ಮೀಟರಿಗೆ 0.3 ಮೀನಿರುವ ಹಳ್ಳದಲ್ಲಿ 8.3 ಕಿ.ಮೀ. ಬೇಕು. ಎರಡು ಕಿ.ಮೀ. ತುಂಡಿನಲ್ಲಿ ಕೂಡಿಹಾಕಿದ ತಳಿ ಒಂದು ಬರಗಾಲಕ್ಕೆ ಮುಗಿಯಬಹುದು. ಅದಕ್ಕೇ ಗೋಡೆಯನ್ನು ಸಾಧ್ಯವಾದಷ್ಟು ಕೆಳಗೆ, ಹಲವು ಕವಲುಗಳು ಸೇರಿದ ಮೇಲೆ ಕಟ್ಟಬೇಕು. ಕೆಳಗೆ ಹೋದಷ್ಟೂ ನೆರೆ ದೊಡ್ಡದು, ಗೋಡೆ ದುಬಾರಿ. ಆ ಖರ್ಚು ಮಾಡುವುದೇ ಸರಿ ಎಂಬುದು ನಮ್ಮ ನಿಲುವು.

ಸಭಿಕರ ಪ್ರಶ್ನೆಗಳಲ್ಲಿ ಕೆಲವು

ವಿದ್ಯುತ್ ಬೇಲಿ ಹಾಕಿದರೆ ಆಗದೇ ಸರ್?

ಶಿಕಾಗೋ ಬಳಿಯ ಕಾಲುವೆಯಲ್ಲಿ ಏಷ್ಯಾದ ಗೆಂಡೆ ಮೀನು ತಡೆಯಲು ಹಾಗೆ ಮಾಡಿದ್ದಾರೆ. ಅಲ್ಲಿ ಹಡಗು ಓಡಾಡಬೇಕು, ಗೋಡೆ ಕಟ್ಟಲು ಬರುವುದಿಲ್ಲ, ಪಕ್ಕದಲ್ಲೇ ವಿದ್ಯುತ್ ಜಾಲವಿದೆ. ಬೆಟ್ಟದ ಹಳ್ಳದಲ್ಲಿ ಸಿಡಿಲು ಬಡಿದು ಒಂದು ರಾತ್ರಿ ಕರೆಂಟ್ ಹೋದರೆ ಬೇಲಿಯೇ ಇಲ್ಲ.

ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಹೊರಗಿನ ಮೀನು ಸೇರಿದೆ. ಇಲ್ಲೂ ಇಂಥ ಗೋಡೆ ಕಟ್ಟಬಹುದೇ?

ಅವಸರ ಬೇಡ. ನಮ್ಮ ಮಹಸೀರ್‌ನಂಥ ಮೀನುಗಳು ಹೊಳೆಯಲ್ಲಿ ಮೇಲೆ ಕೆಳಗೆ ಓಡಾಡಿ ಬದುಕುವಂಥವು, ಅವಕ್ಕೆ ಗೋಡೆಯೇ ಶತ್ರು. ಇನ್ನು ಆಫ್ರಿಕನ್ ಕ್ಯಾಟ್‌ಫಿಶ್ ಗಾಳಿಯನ್ನೇ ಉಸಿರಾಡುತ್ತದೆ, ಮಳೆಯಲ್ಲಿ ಒದ್ದೆ ನೆಲದ ಮೇಲೆ ತೆವಳಿ ಹೋಗುತ್ತದೆ. ಗೋಡೆ ಅದನ್ನು ತಡೆಯುವುದಿಲ್ಲ. ಇಲ್ಲಿ ಮಾಡಬೇಕಾದ ಕೆಲಸ ಹೊರಗಿನ ಮರಿಗಳನ್ನು ಹೊಳೆಗೆ, ಹೊಳೆಗೆ ಕೋಡಿ ಬೀಳುವ ಕೆರೆಗೆ ಬಿಡದಿರುವುದು.

ಗೋಡೆ ಎಲ್ಲ ಸರಿಯಿದ್ದು ಕಾಡಿಗೆ ಬೆಂಕಿ ಬಿದ್ದರೆ?

2011ರ ವಾಲೋ ಕಾಡ್ಗಿಚ್ಚು ಆ ಪ್ರದೇಶದಲ್ಲಿ 5,38,000 ಎಕರೆಗೂ ಹೆಚ್ಚು ಸುಟ್ಟಿತು. ಮೀನು ಬೆಂಕಿಗಿಂತ ಹೆಚ್ಚಾಗಿ ಆಮೇಲಿನ ಮೊದಲ ಮಳೆಗೆ ಸಾಯುತ್ತದೆ. ಬೂದಿ, ಮಣ್ಣು ಕೂಡಿದ ನೀರು ಕಿವಿರು ಮುಚ್ಚುತ್ತದೆ. ಬೆಂಕಿ ಜೂನ್‌ನಲ್ಲಿ, ಮಳೆ ಜುಲೈನಲ್ಲಿ. ಆ ಕೆಲವು ವಾರಗಳಲ್ಲೇ ಮೇಲಿನ ಮೀನನ್ನು ಹಿಡಿದು ಮರಿ ಕೇಂದ್ರಕ್ಕೋ ಪರಕೀಯ ಮೀನಿಲ್ಲದ ಬೇರೆ ಹಳ್ಳಕ್ಕೋ ಸಾಗಿಸಬೇಕು. ಮಳೆ ನಿಂತ ಮೇಲೆ ಮೊದಲು ನೋಡಬೇಕಾದ್ದು ಗೋಡೆಯ ಕೆಳಬದಿ. ಸುಟ್ಟ ಗುಡ್ಡದಿಂದ ಬಂದ ಜಲ್ಲಿ ಅಲ್ಲಿ ತುಂಬಿ 1.6 ಮೀಟರ್ ಧುಮುಕನ್ನು 90 ಸೆಂ.ಮೀ.ಗೆ ಇಳಿಸಿರಬಹುದು. ಗೋಡೆಯಲ್ಲಿ ಒಂದು ಬಿರುಕೂ ಇಲ್ಲದಿದ್ದರೂ ಆ ಜಲ್ಲಿ ತೆಗೆದು ಧುಮುಕು ಮತ್ತೆ ಅಳೆಯುವವರೆಗೆ ಮೇಲಿನ ಹಳ್ಳಕ್ಕೆ ಮೀನು ವಾಪಸು ಬಿಡಬಾರದು.